ವಠಾರದ ಮರೆಗುಳಿ ಓನರಮ್ಮ

ಹಳೆಯ ಬೆಂಗಳೂರಿನವರಿಗೆ ನ್ಯಾಟ್ ಎಂದರೇನೆಂದು ಹೇಳುವುದು ಸುಲಭ: ವಠಾರ. ಹೊರಗೆ ಒಂದೇ ಡೋರ್ ನಂಬರು, ಒಳಗೆ ಹತ್ತು ಸಂಸಾರ. ಬಂದ ಟಪಾಲು ಯಾರದೆಂದು ಓನರಮ್ಮ ನೆನಪಿಟ್ಟು ಕೊಡಬೇಕು. ಮನೆಯ ರೂಟರ್ ಮಾಡುವುದೂ ಅದನ್ನೇ. ಹಳೆಯ ಐಪಿ ವಿಳಾಸಗಳು ಇರುವುದೇ ಸುಮಾರು 430 ಕೋಟಿ; ಸಾಲದೆಂದು 1994ರಲ್ಲಿ ಸದ್ಯಕ್ಕಿರಲಿ ಎಂದು ಹಾಕಿದ ತೇಪೆ ಇನ್ನೂ ಹಾಗೇ ಇದೆ.

ಈ ಓನರಮ್ಮನ ಮರೆವೇ ನನ್ನ ಕಸುಬಿನ ತಲೆನೋವು. ಮೊದಲೇ ಸಂಪರ್ಕ ಕಟ್ಟಿಕೊಳ್ಳದೆ ಪೊಟ್ಟಣ ಕಳಿಸುವ ಯುಡಿಪಿ ಮಾತುಕತೆಯ ಗುರುತನ್ನು ಕನಿಷ್ಠ 2 ನಿಮಿಷ ಇಟ್ಟುಕೊಳ್ಳಿ ಎನ್ನುತ್ತದೆ 2007ರ ನಿಯಮ. 30 ಸೆಕೆಂಡಿಗೇ ಅಳಿಸಿಹಾಕುವ ಪೆಟ್ಟಿಗೆಗಳು ನಮ್ಮ ಲ್ಯಾಬಿನಲ್ಲೇ ಇವೆ. ಅಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಬಾಯಿಬಿಟ್ಟರೆ ಗುರುತಿಗೆ ಹೊಸ ಪೋರ್ಟ್ ನಂಬರು ಅಂಟಬಹುದು, ಆಗ ಆಚೆಯ ಸರ್ವರ್‌ಗೆ ನೀವು ಅಪರಿಚಿತರು.

ಯುಡಿಪಿಯ ಮೇಲೇ ಓಡುವ, 2021ರಲ್ಲಿ ಮಾನಕವಾದ ಕ್ವಿಕ್ ಪ್ರೋಟೋಕಾಲ್ ಇಲ್ಲಿ ಜಾಣತನ ತೋರಿತು. ಸಂಪರ್ಕವನ್ನು ಅದು ವಿಳಾಸದಿಂದಲ್ಲ, ಅದಕ್ಕೇ ಕೊಟ್ಟ ಗುರುತಿನ ಸಂಖ್ಯೆಯಿಂದ ಪತ್ತೆಹಚ್ಚುತ್ತದೆ. ಫೈಲ್ ಇಳಿಯುತ್ತಿರುವಾಗಲೇ ರೂಟರಿನ ಪಟ್ಟಿ ಅಳಿಸಿ ನೋಡುವುದು ನಮ್ಮ ಪರೀಕ್ಷೆ. ಹೊಸ ಪೋರ್ಟ್ ಕಂಡೊಡನೆ ಸರ್ವರ್ 8 ಬೈಟಿನ ಒಂದು ಒಗಟು ಕಳಿಸುತ್ತದೆ, ಅದೇ ವಾಪಸು ಬಂದರೆ ಸರಿ, ಕೆಲಸ ಮುಂದುವರಿಯುತ್ತದೆ. ಅಲ್ಲಿಯವರೆಗೆ ಆ ವಿಳಾಸದಿಂದ ಬಂದದ್ದರ ಮೂರು ಪಟ್ಟಿಗಿಂತ ಹೆಚ್ಚು ಕಳಿಸುವಂತಿಲ್ಲ. ಇಲ್ಲದಿದ್ದರೆ ಯಾರದೋ ವಿಳಾಸ ಬರೆದು ಅವರ ಮೇಲೆ ಪ್ರವಾಹ ಹರಿಸಬಹುದಲ್ಲ!

ಕೆಳಗಿನ ಪದರ ಇಷ್ಟು ಕಲಿತರೂ ಮೇಲೆ ಆ್ಯಪ್ ಬರೆಯುವ ನಮ್ಮವರು ಕಲಿತಿಲ್ಲ. ಮೊನ್ನೆ ಅಮ್ಮ ಪಿಂಚಣಿಯ ಫಾರ್ಮ್ ತುಂಬುತ್ತ ಹಿತ್ತಲಿಗೆ ಹೋದಳು. ವೈಫೈ ತಪ್ಪಿ ಮೊಬೈಲ್ ಡೇಟಾ ಹಿಡಿಯಿತು, ‘ಸೆಷನ್ ಮುಗಿದಿದೆ’. ತುಂಬಿದ್ದೆಲ್ಲ ನೀರಿನಲ್ಲಿ ಹೋಮ. ವಿಳಾಸ ಬದಲಾದರೆ ಕಳ್ಳನಿರಬಹುದು, ಇದು ಭದ್ರತೆ ಎನ್ನುತ್ತಾರೆ. ಮೊಬೈಲ್ ಕಂಪನಿಗಳು ಒಂದೇ ವಿಳಾಸದ ಹಿಂದೆ ನೂರಾರು ಗ್ರಾಹಕರನ್ನು ಕೂರಿಸುವ ಕಾಲ ಇದು. ವಿಳಾಸ ಒಂದೇ ಇದ್ದಮಾತ್ರಕ್ಕೆ ಅವರೆಲ್ಲ ನಮ್ಮಮ್ಮನೇ? ಅನುಮಾನ ಬಂದರೆ ಕ್ವಿಕ್‌ನಂತೆ ಒಂದು ಪ್ರಶ್ನೆ ಕೇಳಿ, ಒಂದು ಓಟಿಪಿ ಕಳಿಸಿ. ತುಂಬಿದ ಫಾರ್ಮನ್ನೇಕೆ ಹರಿದೆಸೆಯುತ್ತೀರಿ?

ಮೂರನೇ ಸಲ ಫಾರ್ಮ್ ತುಂಬುವಾಗ ಅಮ್ಮ ರೂಟರಿನ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ಕುಕ್ಕರ್ ಕೂಗಿದಾಗ ನನ್ನನ್ನೇ ಓಡಿಸಿದಳು.