ಶೋಧಯಂತ್ರವೂ ಊರಿನ ಹಲವು ಹೆಸರುಗಳೂ

ಬೆಳ್ತಂಗಡಿ ತಾಲೂಕಿನ ನೆರಿಯ ಪಶ್ಚಿಮ ಘಟ್ಟದ ಬುಡದಲ್ಲಿರುವ ಗ್ರಾಮ. ಇಂತಹ ಊರಿನ ಚರಿತ್ರೆಯನ್ನು ಬರೆಯಲು ಹೊರಡುವ ಇಂದಿನ ವಿದ್ಯಾರ್ಥಿಯು ಮೊದಲು ಮಾಡುವುದು ಅದರ ಹೆಸರನ್ನು ಗೂಗಲ್‌ನಲ್ಲಿ ಬರೆದು ನೋಡುವ ಕೆಲಸ. ರೋಮನ್ ಲಿಪಿಯಲ್ಲಿ ಬರೆದರೆ ಅದು ಹೀಬ್ರೂ ಭಾಷೆಯ ಒಂದು ವ್ಯಕ್ತಿನಾಮವೂ ಆಗುತ್ತದೆ. ಕನ್ನಡದಲ್ಲಿ ಬರೆದರೆ ಕೈಗೆ ಬರುವುದು ಬಹುಮಟ್ಟಿಗೆ ಇತ್ತೀಚಿನ ಸುದ್ದಿಗಳು. ಎರಡು ಪುಟ ನೋಡಿದ ಬಳಿಕ ಪ್ರಬಂಧದಲ್ಲಿ ಒಂದು ವಾಕ್ಯ ಸೇರಿಕೊಳ್ಳುತ್ತದೆ: ‘ಈ ಪ್ರದೇಶದ ಪ್ರಾಚೀನ ಇತಿಹಾಸಕ್ಕೆ ಆಧಾರಗಳು ಲಭ್ಯವಿಲ್ಲ.’ ಸ್ಥಳೀಯ ಚರಿತ್ರೆಗೆ ಇಷ್ಟು ಹಾನಿ ಮಾಡಿದ ವಾಕ್ಯ ಇನ್ನೊಂದಿರಲಾರದು. ಆಧಾರವಿಲ್ಲ ಎಂಬುದಕ್ಕೂ ಕೇಳಿದ ಹೆಸರಿನಲ್ಲಿ ಆಧಾರ ಸಿಗಲಿಲ್ಲ ಎಂಬುದಕ್ಕೂ ಇರುವ ಅಂತರವನ್ನು ಯಂತ್ರವು ಹೇಳುವುದಿಲ್ಲ.

ಹಸ್ತಪ್ರತಿಗಳನ್ನು ಸಂಪಾದಿಸುವವರಿಗೆ ಪಾಠಾಂತರ ಹೊಸತಲ್ಲ. ಅದೇ ವಿವೇಕ ಶೋಧಯಂತ್ರದ ಮುಂದೆ ಕುಳಿತಾಗಲೂ ಬೇಕು. ಮೂಡುಬಿದಿರೆಯನ್ನೇ ನೋಡಬಹುದು. ಮೂಡಬಿದಿರೆ, ಮೂಡಬಿದ್ರೆ, ಮೂಡಬಿದ್ರಿ, ಬರಿಯ ಬಿದಿರೆ, ಸಂಸ್ಕೃತದಲ್ಲಿ ವೇಣುಪುರ. ರೋಮನ್ ಲಿಪಿಯ ಕಾಗುಣಿತಗಳು ಇವಕ್ಕಿಂತಲೂ ಹೆಚ್ಚು. ಬಸದಿಯ ಕಥೆಯೂ ಹೀಗೆಯೇ. ಹಳೆಯ ವರದಿಗಳು ಅದನ್ನು ಬಸ್ತಿ ಎಂದೇ ಬರೆದಿವೆ. ಆದರೆ ಬಸ್ತಿ ಎಂದಷ್ಟೇ ಹುಡುಕಿದವನು ಉತ್ತರಪ್ರದೇಶದ ಅದೇ ಹೆಸರಿನ ಜಿಲ್ಲೆಗೆ ಹೋಗಿ ಸೇರುವ ಸಂಭವವಿದೆ! ಆದುದರಿಂದ ಜೊತೆಗೆ ತಾಲೂಕಿನ ಹೆಸರನ್ನೋ ಅರಸುಮನೆತನದ ಹೆಸರನ್ನೋ ಇಡಬೇಕು. ಬೇಡದ ಪದದ ಹಿಂದೆ ಕಳೆಯುವ ಚಿಹ್ನೆ ಹಾಕಿ ಅದನ್ನು ಹೊರಗಿಡಬೇಕು. ಪದವನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕುವುದು ಒಳ್ಳೆಯ ಅಭ್ಯಾಸವೇ. ಆದರೆ ಕನ್ನಡವು ವಿಭಕ್ತಿಪ್ರತ್ಯಯಗಳ ಭಾಷೆ. ನೆರಿಯ, ನೆರಿಯದ, ನೆರಿಯದಲ್ಲಿ ಎಂಬ ಮೂರನ್ನೂ ಬೇರೆ ಬೇರೆಯಾಗಿಯೇ ಕೇಳಬೇಕಾಗುತ್ತದೆ.

ಕಾಗುಣಿತಕ್ಕಿಂತ ದೊಡ್ಡ ತೊಡಕು ಆಡಳಿತದ ಗಡಿಗಳದು. ಶಾಸನವೆಂದೊಡನೆ ವಿದ್ಯಾರ್ಥಿಗಳಿಗೆ ನೆನಪಾಗುವುದು ಬಿ. ಎಲ್. ರೈಸ್ ಅವರು 1886ರಲ್ಲಿ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ. ರೈಸ್ ಅವರ ಸಂಪುಟಗಳು ಕೊಡಗು ಮತ್ತು ಮೈಸೂರು ಸಂಸ್ಥಾನಕ್ಕೆ ಸಂಬಂಧಿಸಿದವು. ದಕ್ಷಿಣ ಕನ್ನಡವು 1956ರವರೆಗೆ ಮದರಾಸಿನ ಆಡಳಿತದಲ್ಲಿದ್ದುದರಿಂದ ಇಲ್ಲಿನ ಶಾಸನಗಳನ್ನು ಅರಸಬೇಕಾದುದು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯಲ್ಲಿ, ಮುಖ್ಯವಾಗಿ ಅದರ ಏಳನೆಯ ಸಂಪುಟದಲ್ಲಿ, ಹಾಗೂ ಮದರಾಸು ಶಾಸನ ಇಲಾಖೆಯ ವಾರ್ಷಿಕ ವರದಿಗಳಲ್ಲಿ. ಸ್ಟರಾಕ್ ಅವರ 1894ರ ಸೌತ್ ಕೆನರಾ ಮ್ಯಾನುಯಲ್‌ನಲ್ಲಿ ಬೆಳ್ತಂಗಡಿ ತಾಲೂಕನ್ನು ಹುಡುಕಿದರೆ ದೊರೆಯದು. ಆಗ ಈ ಭಾಗ ಉಪ್ಪಿನಂಗಡಿ ತಾಲೂಕಿನಲ್ಲಿತ್ತು. ಇಂದಿನ ಭೂಪಟವನ್ನು ಹಿಡಿದು ನಿನ್ನೆಯ ಕಡತಕ್ಕೆ ಹೋದವನು ಬರಿಗೈಯಲ್ಲಿ ಮರಳುವುದು ಸಹಜ.

ವಿದೇಶೀಯರ ಬರಹಗಳಲ್ಲಿ ಈ ತೊಡಕು ಇನ್ನೂ ಸ್ವಾರಸ್ಯಕರ. ಬಂಗಾಡಿಯನ್ನು ಮೂಲನೆಲೆಯಾಗಿಸಿಕೊಂಡಿದ್ದ ಜೈನ ಅರಸುಮನೆತನ ಬಂಗರದು. 1623ರಲ್ಲಿ ಕರಾವಳಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಬಂಗರ ವಿಷಯವನ್ನು ಬರೆದಿದ್ದಾನೆ. ಆದರೆ ಅವನ ಬರವಣಿಗೆಯಲ್ಲಿ ಅವರು ‘ಬಂಘೆಲ್’ ಆಗಿದ್ದಾರೆ, ಉಳ್ಳಾಲವು ‘ಒಲಾಲ’ವಾಗಿದೆ. ಬಂಗ ಎಂದು ಹುಡುಕುವವನಿಗೆ ಈ ಸಮಕಾಲೀನ ಸಾಕ್ಷ್ಯ ಎಂದೂ ಕಾಣದೆ ಹೋಗಬಹುದು, ಬಂಗಾಳ ಮಾತ್ರ ಧಾರಾಳವಾಗಿ ಕಾಣಬಹುದು.

ಇನ್ನು ಪುಸ್ತಕಗಳ ಸ್ಥಿತಿ. ಅಂತರ್ಜಾಲದಲ್ಲಿರುವ ಎಷ್ಟೋ ಹಳೆಯ ಕನ್ನಡ ಗ್ರಂಥಗಳು ಪುಟಗಳ ಛಾಯಾಚಿತ್ರಗಳು ಮಾತ್ರ. ಅವುಗಳ ಅಕ್ಷರಗಳನ್ನು ಯಂತ್ರ ಓದಿದ್ದರೂ ಒತ್ತಕ್ಷರಗಳಲ್ಲಿ ಎಡವಿರುತ್ತದೆ. ಹೀಗಾಗಿ ಒತ್ತಿಲ್ಲದ ಪದವನ್ನು ಆರಿಸಿ ಹುಡುಕಿದರೆ ಫಲ ಹೆಚ್ಚು. ಯುನಿಕೋಡ್ ಬರುವ ಮೊದಲಿನ ಫಾಂಟ್‌ಗಳಲ್ಲಿ ಬೆರಳಚ್ಚಾದ ಲೇಖನಗಳಂತೂ ಯಂತ್ರದ ಪಾಲಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅಂತಹ ಬರಹಗಳನ್ನು ಹೊಂದಿರುವ ಸಂಸ್ಥೆಗಳು ಅವನ್ನು ಯುನಿಕೋಡಿಗೆ ಮಾರ್ಪಡಿಸದೆ ಜಾಲತಾಣದಲ್ಲಿ ಇಟ್ಟಿರುವುದು ಕಪಾಟಿನಲ್ಲಿಟ್ಟು ಬೀಗ ಹಾಕಿದಂತೆಯೇ. ಪ್ರಶ್ನೆ ಕೇಳಿದೊಡನೆ ಸಾರಾಂಶವನ್ನೇ ಬರೆದುಕೊಡುವ ಹೊಸ ಯಂತ್ರಗಳಿಗೂ ಈ ಬೀಗ ತೆರೆಯದು. ವ್ಯತ್ಯಾಸವಿಷ್ಟೆ, ಅವು ತಮ್ಮ ಅಜ್ಞಾನವನ್ನು ಸುಂದರವಾದ ವಾಕ್ಯಗಳಲ್ಲಿ ಮುಚ್ಚಿಡಬಲ್ಲವು.

ಮೂಡುಬಿದಿರೆಯ ಓಲೆಗರಿಗಳ ವಿಷಯದಲ್ಲಿ ವಿದ್ಯಾರ್ಥಿಗಳು ಇನ್ನೊಂದು ಕಡೆ ದಾರಿ ತಪ್ಪುತ್ತಾರೆ. ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಹೆಸರಿನಲ್ಲಿ ಕನ್ನಡವಿದ್ದರೂ ಅದು ಅಚ್ಚಾದುದು ನಾಗರಿ ಲಿಪಿಯಲ್ಲಿ. ಅದನ್ನು ಹುಡುಕುವವರು ಕೀಲಿಮಣೆಯನ್ನು ಒಮ್ಮೆ ಹಿಂದಿಗೆ ಬದಲಿಸಿಕೊಳ್ಳಬೇಕು.