ತಿಳಿನೀರೆಲ್ಲ ಶುದ್ಧನೀರಲ್ಲ

2023ರ ಬೇಸಿಗೆ ಮುಗಿಯುವ ಹೊತ್ತಿಗೆ ಕೊಪ್ಪಳ ಜಿಲ್ಲೆಯ ಎರಡು ಹಳ್ಳಿಗಳು ಸುದ್ದಿಯಾದವು: ಕನಕಗಿರಿ ತಾಲೂಕಿನ ಬಸರಿಹಾಳ ಮತ್ತು ಕುಷ್ಟಗಿ ತಾಲೂಕಿನ ಬಿಜಕಲ್. ಕಲುಷಿತ ನೀರು ಕುಡಿದವರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಪ್ರಾಣ ಕಳೆದುಕೊಂಡವರಲ್ಲಿ ಓರ್ವ ಬಾಲಕಿಯೂ ಇದ್ದಳು. ಸರಕಾರ ತನಿಖೆಗೆ ಆದೇಶಿಸಿತು. ಅದಕ್ಕೊಂದು ವರ್ಷ ಮೊದಲು, 2022ರಲ್ಲಿ, ನೆರೆಯ ರಾಯಚೂರು ನಗರದಲ್ಲಿಯೇ ಇಂಥ ಸಾವುಗಳು ಸಂಭವಿಸಿದ್ದವು. ಆದ್ದರಿಂದ ಇದು ಹಳ್ಳಿಗರ ಪಾಡು ಎಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪಟ್ಟಣಗಳಲ್ಲಿರುವ ನಾವು ಸುಮ್ಮನಿರುವಂತಿಲ್ಲ.

ನಮ್ಮ ಓಣಿಗಳನ್ನೇ ನೋಡೋಣ. ನೀರಿನ ಕೊಳವೆ ಎಷ್ಟೋ ಕಡೆ ಚರಂಡಿಯೊಳಗಿಂದಲೇ ಹಾದುಹೋಗುತ್ತದೆ. ನೀರು ರಭಸದಿಂದ ಹರಿಯುವಾಗ ಬಿರುಕಿನಿಂದ ಹೊರಕ್ಕೆ ಸೋರುತ್ತದೆ. ಸರಬರಾಜು ನಿಂತೊಡನೆ ಒತ್ತಡ ಕುಸಿದು, ಅದೇ ಬಿರುಕು ಚರಂಡಿಯ ಕೊಳೆಯನ್ನು ಒಳಕ್ಕೆಳೆಯುತ್ತದೆ. ದಿನ ಬಿಟ್ಟು ದಿನ ನೀರು ಬಿಡುವ ಊರಿನಲ್ಲಿ ಈ ಅಪಾಯ ಪ್ರತಿಸಲವೂ ಮರುಕಳಿಸುತ್ತದೆ. ಕೊಳವೆಯ ಕೊನೆಯ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬ ನಿಯಮವಿರುವುದು ಇದಕ್ಕಾಗಿಯೇ. ಅದನ್ನು ಅಳೆದು ತೋರಿಸಿರೆಂದು ನಮ್ಮ ವಾರ್ಡಿನ ಸದಸ್ಯರನ್ನು ನಾವೆಂದಾದರೂ ಕೇಳಿದ್ದೇವೆಯೇ? ಮತ ಕೇಳಲು ಬಂದಾಗ ರಸ್ತೆ, ದೀಪಗಳ ಮಾತಷ್ಟೇ ಆಡಿ ಕಳುಹಿಸುತ್ತೇವೆ.

ಮದ್ರಸದಲ್ಲಿ ಫಿಕ್ಹ್ ಓದುವಾಗ ನಾವು ಕಲಿತ ಪಾಠವೊಂದಿದೆ: ಹೆಚ್ಚು ಪ್ರಮಾಣದ ನೀರಿಗೆ ಕೊಳೆ ಬಿದ್ದಾಗ ಬಣ್ಣ, ರುಚಿ, ವಾಸನೆ ಬದಲಾಗಿದೆಯೇ ಎಂದು ನೋಡಬೇಕು. ವುಝೂವಿಗೆ ಆ ಅಳತೆ ಸಾಕು. ಆದರೆ ಕಾಲರಾದ ಬ್ಯಾಕ್ಟೀರಿಯಾ ನೀರಿನ ಬಣ್ಣವನ್ನೂ ರುಚಿಯನ್ನೂ ಬದಲಿಸುವುದಿಲ್ಲ. ವುಝೂವಿಗೆ ಯೋಗ್ಯವಾದ ನೀರೆಲ್ಲ ಮಗುವಿಗೆ ಕುಡಿಸಲು ಯೋಗ್ಯವೆಂದು ಫಿಕ್ಹ್ ಎಲ್ಲಿಯೂ ಹೇಳಿಲ್ಲ. ಹಾಗೆ ತಿಳಿದುಕೊಂಡವರು ನಾವು.

ಯಲಬುರ್ಗಾ, ಕುಷ್ಟಗಿಯ ಕಡೆ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಆದ್ದರಿಂದ ಜನರು ಶುದ್ಧ ನೀರಿನ ಘಟಕಗಳಿಂದ ಕ್ಯಾನು ತುಂಬಿ ತರುತ್ತಾರೆ. ಒಳ್ಳೆಯದೇ, ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗದು. ಆದರೆ ತಿಂಗಳುಗಟ್ಟಲೆ ತೊಳೆಯದ ಕ್ಯಾನಿನಿಂದ ಕೊಡಕ್ಕೆ ಸುರಿದು, ಅದರಲ್ಲಿ ಬೆರಳದ್ದಿ ಲೋಟ ಮುಳುಗಿಸಿದರೆ, ಘಟಕ ಮಾಡಿದ ಕೆಲಸವೆಲ್ಲ ಅಲ್ಲಿಗೆ ವ್ಯರ್ಥ.

ಭೇದಿಯಾದ ಮಗುವಿಗೆ ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂಬ ಅಜ್ಜಿಯರ ಮಾತು ಇನ್ನೂ ಕಿವಿಗೆ ಬೀಳುತ್ತದೆ. ಇದು ಪ್ರಾಣಾಂತಿಕ ತಪ್ಪು. ಮಗುವನ್ನು ಕೊಲ್ಲುವುದು ಬಹುತೇಕ ದೇಹದ ನೀರು-ಲವಣಗಳ ನಷ್ಟವೇ. 1971ರ ಬಾಂಗ್ಲಾ ಯುದ್ಧಕಾಲದಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ನರದ ಮೂಲಕ ಕೊಡುವ ದ್ರವ ಮುಗಿದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಗೇ ಕುಡಿಸಿದರು. ಶೇ. 30ರಷ್ಟಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಇಂದು ಓಆರ್‌ಎಸ್ ಪೊಟ್ಟಣ ಎಲ್ಲ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ದೊರೆಯಬೇಕು. ಇಲ್ಲದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಔಷಧದಂಗಡಿಯಲ್ಲಿ ಕೇಳಿ ತರುವ ಆ್ಯಂಟಿಬಯಾಟಿಕ್ ಮಾತ್ರೆ ಬೇಡ. ವೈರಸ್‌ನಿಂದ ಬಂದ ಭೇದಿಗೆ ಅದು ನಾಟದು, ಬದಲಿಗೆ ಬ್ಯಾಕ್ಟೀರಿಯಾಗಳಿಗೆ ಮದ್ದನ್ನು ಎದುರಿಸುವ ಶಕ್ತಿ ಬೆಳೆಯುತ್ತದೆ. ಮಗುವಿನ ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಅರೆಕ್ಷಣ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಈ ವಾರ ಜಮಾಅತ್ ಕಮಿಟಿಗಳು ಮಸೀದಿಯ ತೊಟ್ಟಿಯನ್ನು ತೊಳೆಸಲಿ. ಓಣಿಯ ಹಿರಿಯರು ನಾಲ್ಕು ಜನ ಕೂಡಿ ಪುರಸಭೆಗೆ ಹೋಗಿ, ಚರಂಡಿಯೊಳಗಿನ ಕೊಳವೆ ಯಾವಾಗ ಹೊರಬರುತ್ತದೆಂದು ಲಿಖಿತ ಉತ್ತರ ಕೇಳಲಿ.