ಅಂಗಡಿಯ ಲೆಕ್ಕ ಯಾರ ಪ್ರಶ್ನೆಗೆ ಉತ್ತರ?

ಊರಲ್ಲಿ ಅಪ್ಪನದೋ ದೊಡ್ಡಪ್ಪನದೋ ಒಂದು ಅಂಗಡಿ, ಬೆಂಗಳೂರಲ್ಲಿ ನಮಗೊಂದು ಲ್ಯಾಪ್‌ಟಾಪ್ ಕೆಲಸ. ಈ ಅಂಕಣ ಓದುವ ಹಲವರ ಕಥೆ ಇದೇ ಇರಬಹುದು. ಹಬ್ಬಕ್ಕೆ ಊರಿಗೆ ಹೋದಾಗ ಆ ಕೆಂಪು ರಟ್ಟಿನ ಲೆಕ್ಕದ ಪುಸ್ತಕ ನೋಡಿ, "ಒಂದು ಸಾಫ್ಟ್‌ವೇರ್ ಹಾಕ್ಸೋಣ" ಅಂತೀವಿ. ಅವರು ನಕ್ಕು ಸುಮ್ಮನಾಗ್ತಾರೆ. ಈ ವಾರ ಆ ನಗುವಿನ ಬಗ್ಗೆ ಬರೀತೀನಿ.

ನಾನು ಕೆಲಸ ಮಾಡೋದು ಕಂಪನಿಗಳಿಗೆ ಇಆರ್‌ಪಿ ಕೂರಿಸುವ ತಂಡದಲ್ಲಿ. ನಮ್ಮ ಪಾಠದ ಪುಸ್ತಕಗಳಲ್ಲಿ ಮಾಹಿತಿ ವ್ಯವಸ್ಥೆಗಳನ್ನು ಮೆಟ್ಟಿಲಿನಂತೆ ಜೋಡಿಸಿರುತ್ತಾರೆ. ಕೆಳಗಿನ ಮೆಟ್ಟಿಲು ದಿನದಿನದ ವ್ಯವಹಾರ ಬರೆದಿಡುವ ಟ್ರಾನ್ಸಾಕ್ಷನ್ ವ್ಯವಸ್ಥೆ. ಅದರ ಮೇಲೆ, ಬರೆದದ್ದನ್ನು ಒಟ್ಟುಮಾಡಿ ವರದಿ ಕೊಡುವ ಎಂಐಎಸ್. ಅದರ ಮೇಲೆ, "ಹೀಗೆ ಮಾಡಿದರೆ ಏನಾಗುತ್ತೆ" ಎಂದು ಲೆಕ್ಕ ಹಾಕಿ ತೋರಿಸುವ ಡಿಸಿಷನ್ ಸಪೋರ್ಟ್. ಕೇಳೋಕೆ ಒಣ ಒಣ. ಆದರೆ ಇದರ ಅರ್ಥ ನನಗೆ ಸರಿಯಾಗಿ ಆದದ್ದು ಶಿಕಾರಿಪುರದ ನಮ್ಮ ದೊಡ್ಡಪ್ಪನ ಗೊಬ್ಬರದ ಅಂಗಡಿಯಲ್ಲಿ.

ಅಂಗಡಿಯಲ್ಲಿ ಕಂಪ್ಯೂಟರ್ ಇಲ್ಲ, ನಿಜ. ಆದರೆ ಮೇಜಿನ ಮೇಲೆ ಪಿಒಎಸ್ ಯಂತ್ರ ಇದೆ. 2018ರಿಂದ ದೇಶದಾದ್ಯಂತ ಸಬ್ಸಿಡಿ ಗೊಬ್ಬರ ಮಾರಬೇಕಾದರೆ ಈ ಯಂತ್ರದಲ್ಲೇ ಮಾರಬೇಕು. ರೈತ ಬೆರಳು ಒತ್ತಬೇಕು, ಎಷ್ಟು ಚೀಲ ಯೂರಿಯಾ ಎಂದು ದಾಖಲಾಗಬೇಕು. ಆ ಮಾರಾಟದ ಆಧಾರದ ಮೇಲೆ ಗೊಬ್ಬರ ಕಂಪನಿಗೆ ಸಬ್ಸಿಡಿ ಹಣ ಹೋಗುತ್ತದೆ. ಅಚ್ಚುಕಟ್ಟಾದ ವ್ಯವಸ್ಥೆ. ಆದರೆ ಅದು ಉತ್ತರ ಕೊಡೋದು ದೆಹಲಿಯ ಪ್ರಶ್ನೆಗೆ: "ಗೊಬ್ಬರ ನಿಜವಾಗಿ ಮಾರಾಟ ಆಯ್ತಾ?" ದೊಡ್ಡಪ್ಪನ ಪ್ರಶ್ನೆ ಬೇರೆ: "ದುಡ್ಡು ಬಂತಾ?"

ಜೂನ್‌ನಲ್ಲಿ ಗೋವಿನಜೋಳ ಬಿತ್ತುವಾಗ ಬೀಜ, ಗೊಬ್ಬರ ಉದ್ರಿ ಹೋಗುತ್ತೆ. ಜೋಳ ಕೊಯ್ದು, ಒಣಗಿಸಿ, ಮಾರಿದ ಮೇಲೆ ನವೆಂಬರ್, ಡಿಸೆಂಬರ್‌ನಲ್ಲಿ ವಾಪಸ್ ಬರುತ್ತೆ. ಪೂರಾ ವ್ಯಾಪಾರ ನಿಂತಿರೋದು ಈ ಐದಾರು ತಿಂಗಳ ನಂಬಿಕೆಯ ಮೇಲೆ.

ಮೂರು ವರ್ಷದ ಹಿಂದೆ, ಸರಿಯಾಗಿ ವಸೂಲಿಯ ಹೊತ್ತಿಗೆ, ದೊಡ್ಡಪ್ಪನಿಗೆ ಎದೆನೋವು ಬಂತು. ಆಪರೇಷನ್ ಆಗಿ ಮೂರು ವಾರ ಆಸ್ಪತ್ರೆಯಲ್ಲಿದ್ದರು. ಅಂಗಡಿ ಬಾಗಿಲು ಅಣ್ಣ ತೆಗೀತಿದ್ದ. ಉದ್ರಿ ಪುಸ್ತಕವೂ ಕೈಯಲ್ಲಿತ್ತು. ಆದರೆ ಪುಟ ತೆಗೆದರೆ, "ಹೊಸೂರು ಬಸಣ್ಣ, ಹಿಂದಿನದು ಸೇರಿ" ಅಂತಷ್ಟೇ! ಹಿಂದಿನದು ಎಷ್ಟು? ಯಾವ ಬಸಣ್ಣ? ಅದೆಲ್ಲ ದೊಡ್ಡಪ್ಪನ ತಲೆಯಲ್ಲಿ. ಹೋಲ್‌ಸೇಲ್‌ನವರು ಮಾತ್ರ ತಮ್ಮ ಬಾಕಿಯನ್ನು ಪೈಸೆ ಸಮೇತ ವಾಟ್ಸಾಪ್ ಮಾಡ್ತಿದ್ದರು. ಐಸಿಯು ಹೊರಗೆ ಕೂತು ಅಣ್ಣ ಮೆಲ್ಲಗೆ ಕೇಳಿದ್ದು ಇನ್ನೂ ನೆನಪಿದೆ: "ಅಪ್ಪಂಗೆ ಏನಾದ್ರೂ ಆದ್ರೆ ನಮಗೆ ಬರಬೇಕಾದ್ದು ಎಷ್ಟು ಅಂತ್ಲೇ ಗೊತ್ತಾಗಲ್ವಲ್ಲೋ."

ದೊಡ್ಡಪ್ಪ ಹುಷಾರಾಗಿ ಬಂದರು. ಆಮೇಲೆ ನಾವು ಮಾಡಿದ್ದು ದೊಡ್ಡದೇನಲ್ಲ. ದಿನಾ ಸಂಜೆ ಅತ್ತಿಗೆ ಅವರ ಪಕ್ಕ ಕೂತು, ಒಂದೊಂದೇ ಹೆಸರು ಕೇಳಿ, ಎಕ್ಸೆಲ್ ಶೀಟಿನಲ್ಲಿ ಬರೆದರು. ಹೆಸರು, ಊರು, ತಗೊಂಡಿದ್ದು, ಕೊಟ್ಟಿದ್ದು, ತಾರೀಕು. ಐದೇ ಕಾಲಂ. ಇದೇ ಆ ಕೆಳಗಿನ ಮೆಟ್ಟಿಲು. ಅದು ಗಟ್ಟಿಯಾದ ಮೇಲೆ ಎರಡನೆಯದು ತಾನಾಗೇ ಬಂತು: ಯಾವ ಊರಿಂದ ಎಷ್ಟು ಬರಬೇಕು, ಒಂದು ವರ್ಷ ದಾಟಿದ ಬಾಕಿ ಎಷ್ಟು, ಪ್ರತಿ ಸೋಮವಾರ ಒಂದೇ ಪುಟ.

ಹಾಲಿನ ಡೈರಿಯನ್ನೇ ನೋಡಿ. ಊರಿನ ಸಂಘದಲ್ಲಿ ಹಾಲು ಅಳೆದು, ಫ್ಯಾಟ್ ನೋಡಿ, ಚೀಟಿ ಕೊಡೋದು ಮೊದಲ ಮೆಟ್ಟಿಲು. ಯಾವ ಮಾರ್ಗಕ್ಕೆ ಎಷ್ಟು ದೊಡ್ಡ ಗಾಡಿ ಕಳಿಸಬೇಕು ಅಂತ ಒಕ್ಕೂಟ ನೋಡೋದು ಎರಡನೆಯದು. ಎಪಿಎಂಸಿಯೂ ಹಾಗೇ. 2014ರಲ್ಲಿ ರಾಜ್ಯ ಸರ್ಕಾರ ಎನ್‌ಸಿಡಿಇಎಕ್ಸ್ ಬಳಗದ ಸಂಸ್ಥೆಯೊಂದಿಗೆ ಸೇರಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಕಂಪನಿ ಕಟ್ಟಿತು. ಅಲ್ಲಿಂದ ಮಾಲಿಗೆ ಲಾಟ್ ನಂಬರ್, ವರ್ತಕರಿಗೆ ಕಂಪ್ಯೂಟರ್‌ನಲ್ಲಿ ಟೆಂಡರ್. ಬರೆದಿಟ್ಟ ಒಂದೊಂದು ಲಾಟ್ ಸೇರಿಯೇ ದಿನದ ಧಾರಣೆ ಪಟ್ಟಿ ಆಗೋದು.

ಮೂರನೇ ಮೆಟ್ಟಿಲಿಗೆ ಒಂದು ಸಣ್ಣ ಲೆಕ್ಕ. ದೊಡ್ಡಪ್ಪ ಸ್ವಲ್ಪ ಜೋಳವನ್ನೂ ಖರೀದಿ ಮಾಡ್ತಾರೆ. ಈಗಲೇ ಮಾರಬೇಕಾ, ಎರಡು ತಿಂಗಳು ಇಡಬೇಕಾ? ಕ್ವಿಂಟಲಿಗೆ 2000 ರೂಪಾಯಿ ಅಂತ ಇಟ್ಕೊಳ್ಳಿ. ತಿಂಗಳಿಗೆ ಶೇ 1ರಂತೆ ಬಡ್ಡಿ 40, ಗೋದಾಮಿನ ಬಾಡಿಗೆ 10 ಅಂದರೆ 2050. ತೇವಾಂಶ ಶೇ 16ರಿಂದ 14ಕ್ಕೆ ಇಳಿದರೆ ಕ್ವಿಂಟಲಿಗೆ ಸುಮಾರು 2.3 ಕೆ.ಜಿ. ತೂಕ ಹೋಗುತ್ತೆ. ಉಳಿದ 97.7 ಕೆ.ಜಿ.ಯಲ್ಲೇ ಆ 2050 ಹುಟ್ಟಬೇಕು. ಅಂದರೆ ಧಾರಣೆ 2100 ಮುಟ್ಟಿದರೆ ಅಸಲು, ದಾಟಿದರೆ ಲಾಭ. "ರೇಟು ನೂರು ರೂಪಾಯಿ ಏರಿತು" ಅಂತ ಖುಷಿಪಟ್ಟವರು ಅಸಲಲ್ಲೇ ಇರ್ತಾರೆ.

ಸೊರಬದ ನಮ್ಮ ಭಾವ ಅಡಿಕೆ ತೋಟ ಚೇಣಿ ಹಿಡಿಯೋರು. ಈ ಲೆಕ್ಕ ಹೇಳಿದ್ದಕ್ಕೆ ನಕ್ಕರು. ಮರ ನೋಡಿ ಇಳುವರಿ ಹೇಳೋದು, ಹಸಿ ಅಡಿಕೆಗೆ ಎಷ್ಟು ಒಣ ಅಡಿಕೆ ಇಳಿಯುತ್ತೆ, ಅದರಲ್ಲಿ ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು ಅನ್ನೋದು ಅವರಿಗೆ ಕಣ್ಣಂದಾಜು. ಆದರೂ ಈಗ ಪ್ರತಿ ತೋಟದ ಅಂದಾಜು ಮತ್ತು ಕೊನೆಗೆ ಸಿಕ್ಕಿದ್ದು ಎರಡನ್ನೂ ಬರೆದಿಡ್ತಾರೆ. ಎರಡು ಸುಗ್ಗಿ ಕಳೆದ ಮೇಲೆ ಅವರೇ ಹೇಳಿದರು: "ಹಳೇ ತೋಟಕ್ಕೆ ನಾನು ಯಾವಾಗ್ಲೂ ಜಾಸ್ತಿನೇ ಹೇಳ್ತೀನಿ ಕಣಯ್ಯ." ಆ ಕಣ್ಣಿನ ಜಾಗಕ್ಕೆ ಯಂತ್ರ ಬರಲಿಲ್ಲ. ಕಣ್ಣು ಎಲ್ಲಿ ತಪ್ಪುತ್ತೆ ಅಂತ ಪುಸ್ತಕ ತೋರಿಸಿತು, ಅಷ್ಟೆ.

ಇನ್ನೊಂದು ಮಾತು. ಉದ್ರಿ ಆ್ಯಪ್‌ಗಳಲ್ಲಿ ಬಾಕಿದಾರರಿಗೆ ತಾನಾಗೇ ಮೆಸೇಜ್ ಹೋಗುವ ಸೌಲಭ್ಯ ಇರುತ್ತೆ. ಅಣ್ಣ ಅದನ್ನು ಹಾಕೋಣ ಅಂದ. ದೊಡ್ಡಪ್ಪ ಒಪ್ಪಲೇ ಇಲ್ಲ. "ಮಳೆ ಇಲ್ದೆ ಬೆಳೆ ಹೋಗಿರೋನಿಗೆ, ಅವನ ಮಗಳ ಕೈಲಿರೋ ಫೋನಿಗೆ ಬಾಕಿ ಅಂತ ಮೆಸೇಜ್ ಹೋದ್ರೆ ಅವನ ಮರ್ಯಾದೆ ಏನಾಗ್ಬೇಕು? ನಾನೇ ಹೋಗಿ ಮಾತಾಡ್ತೀನಿ." ಯಾರನ್ನು ಯಾವಾಗ ಕೇಳಬೇಕು, ಯಾರನ್ನು ಈ ವರ್ಷ ಕೇಳಲೇಬಾರದು ಅನ್ನೋದೂ ವ್ಯಾಪಾರದ ಮಾಹಿತಿಯೇ. ಆ ಕಾಲಂ ನಮ್ಮ ಶೀಟಿನಲ್ಲಿ ಇರಲಿಲ್ಲ. ಅತ್ತಿಗೆ ಆರನೇ ಕಾಲಂ ಸೇರಿಸಿದರು: "ಮಾವ ಹೇಳಿದ್ದು".

ದೀಪಾವಳಿಗೆ ಊರಿಗೆ ಹೋದಾಗ ನೀವೂ ಸಾಫ್ಟ್‌ವೇರ್ ಡೆಮೊ ತೋರಿಸೋ ಮೊದಲು ಮೂರು ಪ್ರಶ್ನೆ ಕೇಳಿ. ಅಂಗಡಿಯ ಯಾವ ವಿಷಯ ನಿಮ್ಮ ತಲೆಯಲ್ಲಿ ಮಾತ್ರ ಇದೆ? ಪ್ರತಿ ವಾರ ಯಾವ ಲೆಕ್ಕ ಗೊತ್ತಾದರೆ ನೆಮ್ಮದಿಯಾಗಿ ನಿದ್ದೆ ಬರುತ್ತೆ? ಯಾವ ತೀರ್ಮಾನ ಮಾಡುವಾಗ ಎದೆ ಡವಡವ ಅನ್ನುತ್ತೆ? ಮೊದಲನೆಯದರ ಉತ್ತರ ಸಿಕ್ಕಿದ ದಿನವೇ ಬರೆಯೋಕೆ ಶುರು ಮಾಡಿ. ಲಕ್ಷ್ಮೀ ಪೂಜೆಗೆ ಹೇಗೂ ಹೊಸ ಪುಸ್ತಕ ತಂದಿರುತ್ತಾರೆ. ಮೊದಲ ಪುಟ ಅವರು ಬರೆಯಲಿ. ಎರಡನೇ ಪುಟದಿಂದ ಪಕ್ಕದಲ್ಲಿ ನೀವೂ ಕೂತಿರಿ.